ನಾಲ್ಕನೇ ಕಂಬದ ಬೆಣೆ

ದೀಪ ಸಣ್ಣಗೆ ಮಾಡಿ. ಬಾಗಿಲಿಗೆ ಅಗುಳಿ ಹಾಕಿದೆಯೋ ಇಲ್ಲವೋ ಅಂತ ನಡುವೆ ಎದ್ದೆದ್ದು ನೋಡಬಾರದು, ಈಗಲೇ ನೋಡಿ ಬಂದುಬಿಡಿ. ಇದು ಎಲ್ಲೋ ಯಾರಿಗೋ ಆದದ್ದಲ್ಲ. ಕಿರಂಗೂರಿನಲ್ಲಿ ನಮ್ಮ ಮನೆಗೆ ಗೋಡೆ ತಾಗಿಸಿಕೊಂಡೇ ಇರುವ ಕಾಳಾಚಾರಿಗೆ ಆದದ್ದು. ಪಟ್ಟಣದ ಮುತ್ತಿಗೆ ಮುಗಿದ ಮರುವರ್ಷ...

ಆ ರಾತ್ರಿ ಕಾಳಾಚಾರಿ ದೇವಲಾಪುರದ ಕುಲುಮೆಯಿಂದ ವಾಪಸು ಬರುತ್ತಿದ್ದ. ಹೆಗಲ ಮೇಲೆ ಹೊಸದಾಗಿ ಮೊನೆ ಮಾಡಿಸಿದ ಉಳಿಗಳ ಚೀಲ. ಹೆಜ್ಜೆಗೊಮ್ಮೆ ಒಂದಕ್ಕೊಂದು ತಾಗಿ ಚಿಣ್... ಚಿಣ್... ಎನ್ನುತ್ತಿದ್ದವು. ಅಮಾವಾಸ್ಯೆ ಕಳೆದು ಎರಡು ದಿನ. ಕತ್ತಲೆಯಲ್ಲಿ ದಾರಿಯೊಂದೇ ಬೂದಿ ಚೆಲ್ಲಿದ ಹಾಗೆ ಕಾಣುತ್ತಿತ್ತು.

ಅವನು ಕೆಲಸಕ್ಕೆ ನಿಂತಿದ್ದ ಕೊಪ್ಪಲು ಸಿಗುವ ಮೊದಲು ಒಂದು ಬಾವಿ. ಬಾವಿಯ ಮೇಲೆ ಬಾಗಿಕೊಂಡ ಒಂದು ಆಲದ ಮರ. ದಂಡು ಹಾದುಹೋದ ಮೇಲೆ ಆ ಬಾವಿಯ ನೀರನ್ನು ಯಾರೂ ಸೇದುತ್ತಿರಲಿಲ್ಲ. ಅದರೊಳಗೆ ಏನು ಬಿದ್ದಿದೆ ಅಂತ ಯಾರೂ ಇಳಿದು ನೋಡಿಯೂ ಇರಲಿಲ್ಲ.

ಆಲದ ಬಿಳಲು ಭುಜವನ್ನು ಸವರಿತು. ಅಷ್ಟರಲ್ಲಿ ಕೇಳಿಸಿತು.

ಟಕ್... ಟಕ್... ಟಕ್...

ನಿಂತ. ಚೀಲವನ್ನು ಎದೆಗೆ ಅವುಚಿಕೊಂಡು ಉಳಿಗಳ ಸದ್ದು ಅಡಗಿಸಿದ. ಮರದ ಮೇಲೆ ಮರದ ಕೊಡತಿ ಬೀಳುವ ಸದ್ದು. ಕಬ್ಬಿಣದ ಸುತ್ತಿಗೆಯಾದರೆ ಸದ್ದು ಮೇಲಕ್ಕೆ ಹಾರುತ್ತದೆ, ಇದು ಮರದೊಳಕ್ಕೇ ಇಳಿಯುತ್ತಿತ್ತು. ಮೂರು ಏಟು. ಒಂದು ಉಸಿರಿನಷ್ಟು ಬಿಡುವು. ಆಮೇಲೆ, ಬಿಗಿಯಾಗಿ ಕೂತ ಮರ ಮರವನ್ನು ಬಿಟ್ಟು ಬರುವ ಒಣ ಸದ್ದು...

ಕಿರ್ರ್ರ್... ಪುಟ್.

ಯಾರೋ ಬೆಣೆ ಕೀಳುತ್ತಿದ್ದರು. ಅವನು ನಿಲ್ಲಿಸಿದ ಕಂಬದ ಬೆಣೆ.

"ತಿರುಗ ಬಂದ್ಬುಟ್ನಲ್ಲಾ ಕಳ್ನನ್ಮಗ," ಅಂತ ಕಾಳಾಚಾರಿ ಹಲ್ಲು ಕಚ್ಚಿದ. ಅವನು ಬೈದದ್ದು ಬೇರೆ ಯಾರನ್ನೂ ಅಲ್ಲ, ಬೆನ್ನಿಗೆ ಬಿದ್ದ ತಮ್ಮ ಲಕ್ಷ್ಮಣನನ್ನು. ಅವತ್ತು ಸಂಜೆಯಷ್ಟೇ ತಮ್ಮನ ಗಂಟನ್ನು ತಾನೇ ಎತ್ತಿ ಬೀದಿಗೆ ಎಸೆದಿದ್ದ.

ಯಾಕೆ ಎಸೆದ ಅನ್ನುವುದನ್ನು ಮೊದಲು ಹೇಳಬೇಕು. ಇಲ್ಲದಿದ್ದರೆ ಮುಂದಿನದು ನಿಮ್ಮ ತಲೆಗೆ ಹತ್ತುವುದಿಲ್ಲ.

ಅವರ ಅಪ್ಪ ನಾಗಾಚಾರಿ ದೊಡ್ಡ ಕೆಲಸಗಾರ. ಎರಡು ವರ್ಷದ ಹಿಂದೆ, ದಂಡು ಬರುವುದಕ್ಕೆ ಮುಂಚೆ, "ಅತ್ತಿಕುಪ್ಪೆ ಕಡೆ ಒಂದು ಮನೆ ಕೆಲ್ಸ ಐತೆ, ಮುಗಿಸ್ಕೊಂಡ್ ಬತ್ತೀನಿ," ಅಂತ ಹೋದವನು ಬರಲಿಲ್ಲ. ಸತ್ತ ಸುದ್ದಿಯೂ ಇಲ್ಲ, ಬದುಕಿದ ಸುದ್ದಿಯೂ ಇಲ್ಲ. ಯಾವ ಊರು ಅಂತಲೂ ಹೇಳಿ ಹೋಗಿರಲಿಲ್ಲ. ಅವ್ವ ಸುಬ್ಬಮ್ಮ ದಿನಾ ಬೆಳಿಗ್ಗೆ ಕುಂಕುಮ ಇಟ್ಟುಕೊಳ್ಳುತ್ತಿದ್ದಳು. ಇಟ್ಟುಕೊಳ್ಳಬೇಡ ಅನ್ನುವ ಧೈರ್ಯ ಕೇರಿಯಲ್ಲಿ ಯಾರಿಗೂ ಇರಲಿಲ್ಲ.

ಅಣ್ಣತಮ್ಮ ಈ ಕೆಲಸಕ್ಕೆ ಹೊರಟಾಗ ಅವಳು ಹೊಸ್ತಿಲ ಮೇಲೆ ನಿಂತು ಹೇಳಿದ್ದು ಒಂದೇ ಮಾತು.

"ಒಬ್ನೇ ಓದ ನಿಮ್ಮಪ್ಪ ಬರ್ನಿಲ್ಲ. ನೀವು ಇಬ್ರೂ ಜೊತೆಗೋಗಿ ಜೊತೆಗೇ ಬರಬೇಕು. ಕಾಳ, ನೀನು ದೊಡ್ಡೋನು, ನಿಂಗೇ ಏಳ್ತಿರೋದು. ಒಬ್ನೇ ಬಂದು ಬಾಗ್ಲು ತಟ್ಟಿದ್ರೆ ನಾನು ತೆಗ್ಯಾಕಿಲ್ಲ. ದೇವ್ರಾಣೆಗೂ ತೆಗ್ಯಾಕಿಲ್ಲ."

ಸುಬ್ಬಮ್ಮ ಆಡಿದರೆ ಆಡಿದ್ದೇ. ಅದು ಮಕ್ಕಳಿಬ್ಬರಿಗೂ ಗೊತ್ತಿತ್ತು.

ಕೆಲಸ ಕೊಟ್ಟವನು ಕೊಪ್ಪಲಿನ ದೊಡ್ಡಬೀರಯ್ಯ. ದಂಡಿನವರು ಅವನ ಮನೆ ಸುಟ್ಟು ಹೋಗಿದ್ದರು. ಅದೇ ಜಾಗದಲ್ಲಿ ಹನ್ನೆರಡು ಕಂಬದ ತೊಟ್ಟಿಮನೆ ಎಬ್ಬಿಸಬೇಕು. ಮೊದಲು ಮರದ ಹಂದರವೆಲ್ಲ ನಿಲ್ಲಬೇಕು, ಗೋಡೆ ಆಮೇಲೆ. ಕಬ್ಬಿಣದ ಒಂದು ಮೊಳೆಯೂ ಬೇಡ. ಇದ್ದಬದ್ದ ಕಬ್ಬಿಣವೆಲ್ಲ ಪಟ್ಟಣ ಸೇರಿತ್ತು, ಕೇಳಿದರೂ ಸಿಗುತ್ತಿರಲಿಲ್ಲ.

ಮನೆ ಕಟ್ಟಿಸುವವರ ಮೊಳದಲ್ಲೇ ಮನೆ ಅಳೆಯುವುದು ಆಚಾರಿಗಳ ಪದ್ಧತಿ. ಯಜಮಾನನ ಮೊಣಕೈಯಿಂದ ನಡುಬೆರಳ ತುದಿಗೆ ಒಂದು ಕೋಲು ಕತ್ತರಿಸಿ, ಆ ಮನೆಗೆಲ್ಲ ಅದೊಂದೇ ಅಳತೆ. ಕಾಳಾಚಾರಿ ಬಿದಿರು ಕೋಲು ಹಿಡಿದು ನಿಂತಾಗ ದೊಡ್ಡಬೀರಯ್ಯನ ಹೆಂಡತಿ ಸಿದ್ದಲಿಂಗಮ್ಮ ಮುಂದೆ ಬಂದು ತನ್ನ ಕೈ ಚಾಚಿದ್ದಳು.

"ನನ್ನ ಮೊಳ ತಕ್ಕಳ್ಳಿ ಆಚಾರ್ರೇ. ಇವ್ರು ಒಲದಾಗೆ ಬಿದ್ದಿರ್ತಾರೆ. ಮನೇಲಿರೋಳು ನಾನು."

"ನಿನ್ನ ಮೊಳಕ್ಕೆ ಕಟ್ಟಿದ್ರೆ ನಾನು ಕೋಳಿಗೂಡಿಗೆ ನುಗ್ದಂಗೆ ನುಗ್ಗಬೇಕಾಯ್ತದೆ ಕಣಮ್ಮಿ," ಅಂದ ಆರಡಿಯ ಗೌಡ.

"ನುಗ್ಗಿ. ದಿನಾ ಒಂದ್ಸಲನಾದ್ರೂ ತಲೆ ತಗ್ಗಿಸ್ದಂಗಾಯ್ತದೆ."

ಲಕ್ಷ್ಮಣ ನಕ್ಕುಬಿಟ್ಟ. ಕಡೆಗೆ ಕಂಬ ಬಾಗಿಲು ಗೌಡನ ಮೊಳಕ್ಕೆ, ಅಡುಗೆಮನೆಯ ಅಟ್ಟ ಗೌಡತಿಯ ಮೊಳಕ್ಕೆ ಅಂತ ರಾಜಿಯಾಯಿತು. ಸುಣ್ಣದ ದಾರ ಹಿಡಿದು ನೆಲದ ಮೇಲೆ ಮನೆಯ ಗೆರೆ ಎಳೆದರು. ಎಲ್ಲಿ ಕಂಬ, ಎಲ್ಲಿ ತೊಲೆ, ಎಲ್ಲಿ ಜಂತೆ, ಎಲ್ಲವೂ ನೆಲದಲ್ಲೇ ಬಿಳಿಯಾಗಿ ಮೂಡಿತು. ಅಲ್ಲಿಯವರೆಗೂ ಎಲ್ಲ ಚೆನ್ನಾಗಿತ್ತು.

ಆಮೇಲೆ ಕಂಬಗಳು ಬಂದವು.

ಗೌಡನ ಹಳೇ ಗಾಡಿಯಾಳು ಚಿಕ್ಕಮಾದಯ್ಯ ಮೂರು ಗಾಡಿಯಲ್ಲಿ ಹೇರಿಕೊಂಡು ಬಂದ. ಹೊನ್ನೆ ಮರ, ಒಳ್ಳೇ ಮರ. ಆದರೆ ಹೊಸದಲ್ಲ. ಮೈಯೆಲ್ಲ ಮಸಿ ಹಿಡಿದಿತ್ತು, ಕೆಲವಕ್ಕೆ ತುದಿಗಳೇ ಉರಿದು ಹೋಗಿದ್ದವು.

"ಯಾರ ಮನೇವು ಗೌಡ್ರೇ?" ಅಂತ ಕಾಳಾಚಾರಿ ಕೇಳಿದ.

"ಅತ್ತಿಕುಪ್ಪೆ ಕಡೇದು. ಅರ್ಧ ಕಟ್ಟಿದ್ರು, ದಂಡು ಬಂತು, ಬುಟ್ಟು ಓಡೋದ್ರು. ಯಾರೂ ವಾಸ ಮಾಡ್ದೇ ಇರೋ ಮನೆ. ದೋಷ ಇಲ್ಲ."

"ಯಾರೂ ಸತ್ತಿಲ್ವಾ ಅದ್ರಾಗೆ?"

"ದೋಷ ಇಲ್ಲ ಅಂದ್ನಲ್ಲ."

ಕಾಳಾಚಾರಿ ಚಿಕ್ಕಮಾದಯ್ಯನ ಕಡೆ ನೋಡಿದ. ಚಿಕ್ಕಮಾದಯ್ಯ ಎತ್ತಿನ ಗೊರಸು ಎತ್ತಿ ಹಿಡಿದು ಮುಳ್ಳು ಹುಡುಕುತ್ತಿದ್ದ. ಬಹಳ ಹೊತ್ತು ಹುಡುಕಿದ. ಮುಳ್ಳು ಇರಲಿಲ್ಲ.

ಬೇರೆ ಮರ ತರುವುದೆಲ್ಲಿಂದ? ಸುತ್ತಲಿನ ತೋಪುಗಳೆಲ್ಲ ಬೋಳಾಗಿದ್ದವು. ಮಸಿ ಕೆತ್ತಿ, ಸುಟ್ಟ ತುದಿ ಕೊಯ್ದು, ಬಾಚಿಯಲ್ಲಿ ನಯಮಾಡಿದಾಗ ಕಂಬಗಳು ಚೌಕವಾಗಿ, ಎರಡೂ ಕಡೆ ಒಂದೇ ದಪ್ಪವಾಗಿ ಹೊಳೆಯತೊಡಗಿದವು. ತಾಪತ್ರಯ ಅಲ್ಲೇ ಶುರುವಾಯಿತು. ಮರ ಬೆಳೆದ ಹಾಗೆಯೇ ಕಂಬ ನಿಲ್ಲಬೇಕು. ಬುಡ ಕೆಳಕ್ಕೆ, ತುದಿ ಮೇಲಕ್ಕೆ. ತಲೆಕೆಳಗಾಗಿ ನಿಲ್ಲಿಸಿದ ಕಂಬದ ಮನೆಯಲ್ಲಿ ಮನೆಯವರು ನೆಟ್ಟಗೆ ನಿಲ್ಲುವುದಿಲ್ಲ. ಇದು ಆಚಾರಿಗಳಿಗೆ ಹಾಲಿನ ಜೊತೆ ಕುಡಿಸುವ ಮಾತು. ಹನ್ನೊಂದು ಕಂಬಕ್ಕೆ ಬುಡ ಯಾವುದು ಅಂತ ಸುಲಭವಾಗಿ ತಿಳಿಯಿತು. ನಾಲ್ಕನೆಯದು, ತಲೆಬಾಗಿಲ ಪಕ್ಕದ್ದು, ಅದೊಂದು ತಿಳಿಯಲಿಲ್ಲ. ಅದರ ಒಂದು ಕೊನೆಯ ಹತ್ತಿರ ಹಳೇ ಮನೆಯ ತೂತು ಇತ್ತು. ಒಳಗೆಲ್ಲ ಮಸಿ ಮಣ್ಣು ಗಟ್ಟಿಯಾಗಿ ತುಂಬಿಕೊಂಡಿತ್ತು.

"ತೊಲೆ ಕೂತಿದ್ದ ತೂತು ಇದು. ಆದ್ರಿಂದ ಇದು ತಲೆ," ಅಂತ ಕಾಳಾಚಾರಿ ತೀರ್ಮಾನ ಮಾಡಿದ. ಒಳಗೆ ಕೆರೆದು ನೋಡಲಿಲ್ಲ. ಒಂದು ತುಂಡು ಮರ ಕೆತ್ತಿ ಮಸಿಯ ಮೇಲೇ ಜಡಿದು ಮುಚ್ಚಿಬಿಟ್ಟ.

ಲಕ್ಷ್ಮಣ ಕೊಡತಿ ತಗೊಂಡು ಕಂಬದ ಎರಡೂ ಕಡೆ ತಟ್ಟಿದ. ತೂತಿನ ಕಡೆ ದೊಬ್ ಅಂದಿತು. ಇನ್ನೊಂದು ಕಡೆ ಟಣ್ ಅಂದಿತು.

"ಅಣ್ಣ, ಇದು ತೊಲೆ ತೂತಲ್ಲ ಕಣಣ್ಣ. ಒಸ್ಲು ಕೂರ್ಸೋ ತೂತು. ಇದೇ ಬುಡ. ನೀನು ಬುಡಾನ ತಲೆ ಮಾಡ್ತಿದ್ದೀಯ."

"ಒಸ್ಲಿಗೆ ಇಷ್ಟಗಲ ತೂತ ಯಾವನ್ಲಾ ಒಡೀತಾನೆ?"

"ಅಪ್ಪ ಒಡೀತಿತ್ತಲ್ಲ."

ಕಾಳಾಚಾರಿಗೆ ಉರಿದುಹೋಯಿತು. "ಮಾತಿಗ್ಮುಂಚೆ ಅಪ್ಪನ್ನ ಯಾಕ್ಲಾ ಎಳ್ಕೊಂಡ್ ಬತ್ತೀಯ? ಕೋಲು ಯಾರ ಕೈಯಾಗೈತೆ?"

"ನಿನ್ನ ಕೈಯಾಗೆ."

"ಅಂಗಾದ್ರೆ ಬಾಯ್ಮುಚ್ಕೊಂಡು ಇಡ್ಕೊ ಆ ಕಡೆ."

ಲಕ್ಷ್ಮಣ ಬಾಯಿ ಮುಚ್ಚಿಕೊಂಡು ಹಿಡಿದುಕೊಂಡ. ಕಂಬ ನಿಂತಿತು. ತೊಲೆಯ ನಾಲಿಗೆ ಕಂಬದ ತಲೆಯ ಹೊಸ ತೂತಿಗೆ ಇಳಿದು ಕೂತಿತು. ಅದು ಅಲ್ಲಾಡದ ಹಾಗೆ ಅಡ್ಡಕ್ಕೆ ಒಂದು ಮರದ ಬೆಣೆ ಹೊಡೆದರು, ಗೇಣುದ್ದದ್ದು. ಹನ್ನೆರಡು ಕಂಬ, ಹನ್ನೆರಡು ಬೆಣೆ. ಹಂದರ ನಿಂತಿತು.

ಮರುದಿನ ಬೆಳಿಗ್ಗೆ ಹನ್ನೊಂದೇ ಬೆಣೆ.

ನಾಲ್ಕನೇ ಕಂಬದ್ದು ಇರಲಿಲ್ಲ. ಬಿದ್ದಿರಬಹುದು ಅಂತ ಕೆಳಗೆ ಹುಡುಕಿದರು. ಇಲ್ಲ. ಹೊಸದು ಹೊಡೆದರು. ಅದರ ಮರುದಿನ ಅದೂ ಇಲ್ಲ. ಬಿಗಿಯಾಗಿ ಹೊಡೆದ ಬೆಣೆ ತಾನಾಗಿ ಬೀಳುವುದಿಲ್ಲ. ಆ ಕಡೆಯಿಂದ ಹದವಾಗಿ ಹೊಡೆದು ಈ ಕಡೆಗೆ ಎಳೆಯಬೇಕು. ಮರಕ್ಕೆ ಒಂದು ಗೀರೂ ಬಿದ್ದಿರಲಿಲ್ಲ. ಕೆಲಸ ಬಲ್ಲವನ ಕೈ ಅದು. ಆ ಕೊಪ್ಪಲಿನಲ್ಲಿ ಕೆಲಸ ಬಲ್ಲವರು ಇಬ್ಬರೇ.

ಒಬ್ಬ ತಾನು.

ಮೂರನೇ ರಾತ್ರಿ ಕಾಳಾಚಾರಿ ಕಂಬದ ಸುತ್ತ ನಾಲ್ಕು ಮಾರು ಜರಡಿ ಹಿಡಿದ ಬೂದಿ ಹರಡಿ ಮಲಗಿದ. ಬೆಳಿಗ್ಗೆ ಬೂದಿ ಹಾಗೇ ಇತ್ತು. ಒಂದು ಇರುವೆ ಹರಿದ ಗೆರೆ ಬಿಟ್ಟರೆ ಏನೂ ಇಲ್ಲ. ಬೆಣೆಯೂ ಇಲ್ಲ. ತೊಲೆಯಿಂದ ತೊಲೆಗೆ ಮಂಗನ ಹಾಗೆ ನಡೆದು ಬರುವವನು ಲಕ್ಷ್ಮಣ ತಾನೇ? ಹೌದು, ಹೀಗೇ ಬಂದಿದ್ದಾನೆ ಅಂದುಕೊಂಡ. ತನ್ನ ಮಾತು ನಡೆಯಲಿಲ್ಲ ಅಂತ ಅಣ್ಣನ ಮುಖಕ್ಕೆ ಮಸಿ ಬಳಿಯಲು ನೋಡುತ್ತಿದ್ದಾನೆ.

ಮಸಿ ಅಂದಕೂಡಲೇ ಒಂದು ಉಪಾಯ ಹೊಳೆಯಿತು. ಗೆರೆ ಹೊಡೆಯುವ ದಾರಕ್ಕೆ ಹಚ್ಚುವ ಎಣ್ಣೆಮಸಿ ಇರುತ್ತದಲ್ಲ, ಎರಡು ದಿನ ತಿಕ್ಕಿದರೂ ಹೋಗದಂಥದ್ದು... ನಾಲ್ಕನೇ ರಾತ್ರಿ ತಮ್ಮ ಮಲಗಿದ ಮೇಲೆ, ಒಂದು ಕಡ್ಡಿಗೆ ಬಟ್ಟೆ ಸುತ್ತಿ, ತನ್ನ ಕೈಗೆ ತಾಗದ ಹಾಗೆ ಬೆಣೆಯ ಎರಡೂ ತುದಿಗೆ ಮಸಿ ಬಳಿದು ಬಂದ.

ಬೆಳಿಗ್ಗೆ ಬೆಣೆ ಇರಲಿಲ್ಲ. ಕಾಳಾಚಾರಿ ತಾವಿಬ್ಬರೂ ಮಲಗುತ್ತಿದ್ದ ಚಪ್ಪರಕ್ಕೆ ನುಗ್ಗಿ, ಮಲಗಿದ್ದ ತಮ್ಮನನ್ನು ಒದ್ದು ಎಬ್ಬಿಸಿದ.

"ತೋರ್ಸ್ಲಾ ಕೈ."

ಲಕ್ಷ್ಮಣ ಕಣ್ಣುಜ್ಜುತ್ತಾ ಎರಡು ಅಂಗೈಯನ್ನೂ ಚಾಚಿದ. ಎರಡೂ ಚೊಕ್ಕಟವಾಗಿದ್ದವು. ಆಮೇಲೆ ಅವನು ಅಣ್ಣನ ಕೈಯನ್ನೇ ನೋಡುತ್ತಾ ಮೆತ್ತಗೆ ಅಂದ.

"ಅಣ್ಣ... ನಿನ್ನ ಎಡಗೈ ನೋಡ್ಕೊ."

ಕಾಳಾಚಾರಿಯ ಎಡ ಅಂಗೈ ತುಂಬ ಮಸಿ. ಐದು ಬೆರಳಿಗೂ. ಅವನು ಬಲಗೈಯವನು, ಎಡಗೈಯಲ್ಲಿ ಕೊಡತಿ ಹಿಡಿದವನೇ ಅಲ್ಲ.

ಅವನು ಅಂಗೈಯನ್ನು ಪಂಚೆಗೆ ತಿಕ್ಕಿದ, ಮಸಿ ಹೋಗಲಿಲ್ಲ. ಆಮೇಲೆ ಸಿಟ್ಟು ಬಂತು. ಭಯಕ್ಕಿಂತ ಸಿಟ್ಟು ಸುಲಭ.

"ನಾನು ಮಲಗಿದ್ದಾಗ ನನ್ನ ಕೈಗೇ ಬಳ್ದಿದ್ದೀಯ ಅಲ್ವೇನ್ಲಾ? ನನ್ನೇ ತಲೆಕೆಟ್ಟೋನ್ನ ಮಾಡಾಕೆ ನೋಡ್ತೀಯ?"

"ಅಣ್ಣ, ಅವ್ವನಾಣೆ..."

"ಅವ್ವನ್ನ ಎತ್ಬೇಡ!"

ಸಂಜೆ ಹೊಸ ಬೆಣೆ ಹೊಡೆಯುವಾಗ ಲಕ್ಷ್ಮಣ, "ಆ ಕಂಬ ತಿರುಗ್ಸಣ್ಣ, ಸಾಕು," ಅಂದ ಅಷ್ಟೇ. ಕಾಳಾಚಾರಿ ಅವನ ಗಂಟು ಎತ್ತಿ ಎಸೆದ. ಉಳಿಯೊಂದು ಕಲ್ಲಿಗೆ ತಾಗಿ ಟಿಣ್ ಅಂದಿತು. ಲಕ್ಷ್ಮಣ ಒಂದೊಂದೇ ಆಯ್ದುಕೊಂಡ. ಊರ ಕಡೆಗೆ ಹಿರೋಡೆಯ ದಾರಿ ಹಿಡಿದು ಹೋದ.

ಅವನ ಬೆನ್ನು ಮರೆಯಾದ ಮೇಲೆ ಅವ್ವನ ಮಾತು ನೆನಪಾಯಿತು... ಒಬ್ನೇ ಬಂದ್ರೆ ತೆಗ್ಯಾಕಿಲ್ಲ. ಆ ನೆನಪನ್ನು ತಾಳಲಾರದೆ, ಮೊಂಡಾದ ಉಳಿಗಳ ನೆಪ ಮಾಡಿಕೊಂಡು ಕಾಳಾಚಾರಿ ದೇವಲಾಪುರದ ಕುಲುಮೆಗೆ ಹೋಗಿದ್ದ. ಬರುವಾಗ ಬಾವಿಯ ಹತ್ತಿರ ಆ ಸದ್ದು ಕೇಳಿದ್ದು.

ಈಗ ಮುಂದಕ್ಕೆ ಕೇಳಿ.

ಅವನು ಚೀಲವನ್ನು ಅಲ್ಲೇ ಇಳಿಸಿ, ಮೆಟ್ಟು ಬಿಚ್ಚಿ, ಬರಿಗಾಲಲ್ಲಿ ಹೋದ. ಹಂದರ ಕತ್ತಲೆಯಲ್ಲಿ ಎದ್ದು ನಿಂತಿತ್ತು. ಗೋಡೆ ಇಲ್ಲ, ಮಾಡು ಇಲ್ಲ, ಕಂಬ ತೊಲೆ ಅಷ್ಟೇ. ನಾಲ್ಕನೇ ಕಂಬದ ಮೇಲೆ, ತೊಲೆಯ ಮೇಲೆ, ಒಬ್ಬ ಕುಕ್ಕರುಗಾಲಲ್ಲಿ ಕೂತಿದ್ದ. ಬೆನ್ನು ಈ ಕಡೆಗೆ.

ಟಕ್... ಟಕ್...

"ಲಚ್ಮಣ," ಅಂತ ಕಾಳಾಚಾರಿ ಪಿಸುಗುಟ್ಟಿದ. "ಇಳೀಲಾ ಕೆಳಕ್ಕೆ."

ಸದ್ದು ನಿಂತಿತು. ಆ ಬೆನ್ನು ತಿರುಗಲಿಲ್ಲ.

"ಬುಡ ಮ್ಯಾಲಕ್ಕೈತೆ ಕಣ್ಲಾ ಕಾಳ."

ಗಂಟಲು ಕಟ್ಟಿದ ಹಾಗಿತ್ತು ದನಿ. ಹೊಗೆ ಕುಡಿದವರ ಹಾಗೆ.

"ಇಷ್ಟೊತ್ತಾದ್ರೂ ನಿನ್ ಅಟ ಬುಡ್ನಿಲ್ವಾ? ಓಗು ಅಂದ್ನಲ್ಲ ನಿಂಗೆ!"

"ಅವ್ನು ಎಲ್ಲಿಗೂ ಓಗಿಲ್ಲ..." ಒಂದು ಬಿಡುವು. "ಬಾವಿ ತಾವ ಕುಂತವ್ನೆ. ಕರ್ಕೊಂಬಾ."

ಕೊಡತಿ ಮತ್ತೆ ಎದ್ದಿತು. ಎಡಗೈಯಲ್ಲಿ ಎದ್ದಿತು. ಕಾಳಾಚಾರಿ ಅದನ್ನು ಕಂಡ, ಆದರೆ ಆಗ ಅದು ತಲೆಗೆ ಹೋಗಲಿಲ್ಲ. ಕಾಲುಗಳು ತಾವಾಗಿಯೇ ಹಿಂದಕ್ಕೆ ತಿರುಗಿದವು. ಬಾವಿಯವರೆಗೆ ಹೇಗೆ ಬಂದನೋ ಅವನಿಗೇ ಗೊತ್ತಿಲ್ಲ.

ಆಲದ ಬೊಡ್ಡೆಯ ಆ ಕಡೆ, ಬಿಳಲುಗಳ ನಡುವೆ, ಒಬ್ಬ ಗಂಟನ್ನು ತೊಡೆಯ ಮೇಲಿಟ್ಟುಕೊಂಡು ಕೂತಿದ್ದ.

"ಯಾ... ಯಾರ್ಲಾ ಅದು?"

"ನಾನೇ ಕಣಣ್ಣ. ಮೆಲ್ಲಕೆ ಮಾತಾಡು."

ಲಕ್ಷ್ಮಣ. ಕಾಳಾಚಾರಿ ಅವನ ರಟ್ಟೆ ಹಿಡಿದು ನೋಡಿದ. ಬೆಚ್ಚಗಿತ್ತು. ಬೆವರಿತ್ತು.

"ಓಗಿಲ್ವಾ ನೀನು?"

"ಎಲ್ಲಿಗೋಗ್ಲಿ? ಇರೋಡೆ ದಾರೀಲಿ ಒಂದಷ್ಟು ದೂರ ಓಗಿ ತಿರುಗಿ ಬಂದೆ. ಒಬ್ನೇ ಓದ್ರೆ ಅವ್ವ ಬಾಗ್ಲು ತೆಗ್ಯಾಕಿಲ್ಲ."

"ಯಾವಾಗಿಂದ ಇಲ್ಲಿದ್ದೀಯ?"

"ಒತ್ತು ಮುಳುಗ್ದಾಗ್ನಿಂದ. ಅಣ್ಣ... ನಿಂಗೊಂದು ಏಳ್ತೀನಿ, ಒಡೀಬ್ಯಾಡ. ಆ ಸದ್ದ ನಾನು ಮೂರು ರಾತ್ರಿಯಿಂದ ಕೇಳ್ತಾ ಇವ್ನಿ. ನೀನೇ ಎದ್ದೋಗಿ ಬೆಣೆ ಕೀಳ್ತಿದ್ದೀಯ ಅಂದ್ಕೊಂಡಿದ್ದೆ. ನನ್ನ ಓಡ್ಸಾಕೆ ಇಂಗೆ ಮಾಡ್ತಾವ್ನೆ ಅಂತ... ಈಗ ನೀನು ಇಲ್ಲೇ ಇದ್ದೀಯ."

ಅವನು ಮಾತು ಮುಗಿಸಲಿಲ್ಲ. ಇಬ್ಬರೂ ಕೇಳಿದರು.

ಟಕ್... ಟಕ್... ಟಕ್...

ಕಿರ್ರ್ರ್...

ಪುಟ್.

ಅಣ್ಣತಮ್ಮ ಒಬ್ಬರ ಕೈ ಒಬ್ಬರು ಹಿಡಿದುಕೊಂಡು ಬೆಳಗಾಗುವವರೆಗೂ ಆ ಆಲದ ಕೆಳಗೇ ಕೂತರು. ದೆವ್ವದ ಬಾವಿ ಅಂತ ಊರೆಲ್ಲ ಹೆದರುವ ಆ ಜಾಗವೇ ಅವತ್ತು ಅವರಿಗೆ ಭದ್ರವಾಗಿ ಕಂಡಿತು ಅಂದರೆ ನೀವೇ ಲೆಕ್ಕ ಹಾಕಿ.

ಬೆಳಕು ಹರಿದ ಮೇಲೆ ಕಾಳಾಚಾರಿ ಗೌಡನನ್ನು ಕೇಳಲಿಲ್ಲ. ತಮ್ಮನನ್ನು ಕರೆದುಕೊಂಡು ನೆಟ್ಟಗೆ ಚಿಕ್ಕಮಾದಯ್ಯನ ಕೊಟ್ಟಿಗೆಗೆ ಹೋದ. ಚಿಕ್ಕಮಾದಯ್ಯ ಎತ್ತಿನ ಗೊರಸಿಗೆ ಕೈ ಹಾಕುವುದರೊಳಗೆ ಅವನ ಮಣಿಕಟ್ಟು ಹಿಡಿದ.

"ಮುಳ್ಳು ಆಮ್ಯಾಕೆ ತೆಗೀವಂತೆ. ಆ ಮನೇಲಿ ಯಾರು ಸತ್ರು, ಬಾಯ್ಬುಡು."

ಮುದುಕ ಹೊಟ್ಟಿನ ಮೇಲೆ ಕೂತುಬಿಟ್ಟ. "ಗೌಡ್ರು ಏಳ್ಬೇಡ ಅಂದಿದ್ರು... ನಾನು ಆ ಮನೆಗೆ ಗಾಡೀಲಿ ಕಲ್ಲು ಸಾಗಿಸ್ತಿದ್ದೆ ಕಣಪ್ಪ. ದಂಡು ಬಂತು ಅಂದ್ರು, ಎಲ್ಲಾ ಓಡುದ್ರು. ಆಚಾರಿ ಒಬ್ಬ ಮ್ಯಾಲೆ ಕುಂತಿದ್ದ. ಇಳಿ, ಬಾ, ಅಂತ ಕೂಗ್ದೆ. 'ಒಂದು ಬೆಣೆ ಐತೆ, ಒಡೆದು ಬತ್ತೀನಿ, ಇಂಗೇ ಬುಟ್ರೆ ತೊಲೆ ಬೀಳ್ತದೆ' ಅಂದ. ನಾನು ಓಡ್ದೆ. ದಿಣ್ಣೆ ಮ್ಯಾಲಿಂದ ನೋಡಿದ್ರೆ ಉರೀತಿತ್ತು. ಅವ್ನು ಇಳಿದಿದ್ದ ನಾನು ಕಾಣ್ನಿಲ್ಲ."

"ಎಲ್ಲಿಯೋನು ಆ ಆಚಾರಿ?" ಕೇಳಿದ್ದು ಲಕ್ಷ್ಮಣ.

"ಪಟ್ಣದ ಕಡೆಯೋನು. ಎಸ್ರು ಗೊತ್ತಿಲ್ಲ. ಎಡಗೈಯಾಗೆ ಕೊಡತಿ ಇಡೀತಿದ್ದ."

ಅಣ್ಣತಮ್ಮ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ನಾಗಾಚಾರಿ ಎಡಚ. ಕಿರಂಗೂರಿನಲ್ಲಿ ಚಿಕ್ಕ ಮಕ್ಕಳಿಗೂ ಅದು ಗೊತ್ತು.

ತೊಲೆಗೆ ಎರಡು ಕಡೆ ಊರುಗೋಲು ಕೊಟ್ಟು ನಾಲ್ಕನೇ ಕಂಬ ಇಳಿಸಿದರು. ಕಾಳಾಚಾರಿ ತಾನು ಜಡಿದಿದ್ದ ತುಂಡನ್ನು ತಾನೇ ಕಿತ್ತ. ಉಳಿಯಲ್ಲಿ ಮಸಿ ಮಣ್ಣು ಕೆರೆದ. ಯಾವ ನಾಲಿಗೆ ಯಾವ ತೂತಿಗೆ ಅಂತ ಗುರುತಿಗಾಗಿ ಆಚಾರಿಗಳು ತೂತಿನ ಒಳಬದಿಗೆ ಒಂದು ಗೀರು ಹಾಕುತ್ತಾರೆ. ಒಬ್ಬೊಬ್ಬರದು ಒಂದೊಂದು ಥರ. ಮಸಿ ಉದುರಿದ ಮೇಲೆ ಅಲ್ಲಿ ಮೂರು ನೆಟ್ಟನೆ ಗೀರು, ಅದರ ಕೆಳಗೆ ಎಡಕ್ಕೆ ಬಾಲ ಎಳೆದ ಒಂದು ಗೀರು ಕಾಣಿಸಿತು.

ಅಪ್ಪನ ಗುರುತು. ಕಾಳಾಚಾರಿ ಅಕ್ಷರಕ್ಕೆ ಮುಂಚೆ ಕಲಿತದ್ದು ಆ ಗುರುತನ್ನು.

ಆದರೂ ಅವನು ಕಂಬವನ್ನು ಕೆರೆಗೆ ಹೊರಿಸಿಕೊಂಡು ಹೋದ. "ಇನ್ನೂ ಅನುಮಾನನಾ ಅಣ್ಣ?" ಅಂತ ಲಕ್ಷ್ಮಣ ಕೇಳಿದ. "ಅನುಮಾನ ಅಲ್ಲ ಕಣ್ಲಾ. ನನ್ನ ತಪ್ಪ ನಾನೇ ನೋಡ್ಬೇಕು," ಅಂದ. ನೀರಿಗೆ ಬಿಟ್ಟರೆ ಮರದ ಬುಡ ಭಾರಕ್ಕೆ ತಗ್ಗುತ್ತದೆ. ಕಂಬ ಸ್ವಲ್ಪ ಹೊತ್ತು ಓಲಾಡಿತು. ಆಮೇಲೆ ತೂತಿದ್ದ ಕೊನೆ ಗುಳುಕ್... ಅಂತ ಮೆಲ್ಲಗೆ ತಗ್ಗಿತು.

ಲಕ್ಷ್ಮಣ ಹೇಳಿದ್ದೇ ಸರಿ. ಬುಡ ಮೇಲಕ್ಕಿತ್ತು.

ಗೌಡ ಸಿಡಿಮಿಡಿಗೊಂಡ. ಎರಡು ದಿನ ತಡವಾಗುತ್ತದೆ ಅಂದ, ನಾನು ಸುಳ್ಳು ಹೇಳಲಿಲ್ಲ ಅಂದ. ಸಿದ್ದಲಿಂಗಮ್ಮ ಹಿಂದಿನಿಂದ, "ನೀವು ನಿಜಾನೂ ಏಳ್ನಿಲ್ಲ," ಅಂದ ಮೇಲೆ ಸುಮ್ಮನಾದ. ಕಂಬ ತಿರುಗಿಸಿ ನಿಲ್ಲಿಸಿದರು. ಹೊಸ ತಲೆಗೆ ತೊಲೆ ಕೂರಿಸಿದರು. ಈಗ ಅಪ್ಪನ ತೂತು ಕೆಳಗೆ ಬಂತು, ತಲೆಬಾಗಿಲ ಮಗ್ಗುಲಿಗೆ. ಹೊಸ್ತಿಲ ಮರ ತಂದು ಅದಕ್ಕೆ ಇಳಿಸಿದರು. ಕೆತ್ತುವುದಕ್ಕೂ ಇರಲಿಲ್ಲ, ಹೆರೆಯುವುದಕ್ಕೂ ಇರಲಿಲ್ಲ. ಕೂದಲೆಳೆ ಸಂದಿಲ್ಲದೆ ಕೂತಿತು.

ಬೆಣೆ ಹೊಡೆಯುವಾಗ ಕಾಳಾಚಾರಿ ಕೊಡತಿಯನ್ನು ತಮ್ಮನ ಕೈಗೆ ಕೊಟ್ಟ. ಅಳತೆ ಕೋಲನ್ನೂ ಕೊಟ್ಟ. ಲಕ್ಷ್ಮಣ ಕೋಲನ್ನು ವಾಪಸು ಕೊಡಲು ಹೋದಾಗ, "ಇಟ್ಕೊಳ್ಲಾ, ಸಾಕು," ಅಂದ.

ಆ ರಾತ್ರಿ ಇಬ್ಬರೂ ಎಚ್ಚರವಿದ್ದರು. ಜಿರ್... ಅನ್ನುವ ಹುಳದ ಸದ್ದು ಬಿಟ್ಟರೆ ಏನೂ ಇಲ್ಲ. ಬೆಳಿಗ್ಗೆ ಹನ್ನೆರಡು ಬೆಣೆ.

ಜಂತೆಯ ಕೆಲಸ ಮುಗಿಸಿ ಹತ್ತು ದಿನದ ಮೇಲೆ ಊರಿಗೆ ಹೊರಟರು. ಹಿರೋಡೆ ದಾಟುವಾಗಲೇ ಕತ್ತಲಾಯಿತು. ದಾರಿಯುದ್ದಕ್ಕೂ ಒಂದೇ ಯೋಚನೆ, ಅವ್ವನಿಗೆ ಹೇಗೆ ಹೇಳುವುದು... ಕಿರಂಗೂರು ಸೇರಿ ಬಾಗಿಲು ತಟ್ಟಿದಾಗ ಕೇರಿಯೆಲ್ಲ ಮಲಗಿತ್ತು. ಒಳಗೆ ಬಳೆಯ ಸದ್ದಾಯಿತು. ಅಗುಳಿ ತೆಗೆಯಲಿಲ್ಲ.

"ಯಾರು?"

"ನಾವು ಕಣವ್ವ."

"ಇಬ್ರೂನಾ? ಇಬ್ರೂ ಮಾತಾಡಿ."

"ಇಬ್ರೂ ಕಣವ್ವ, ನಾನು ಲಚ್ಮಣ," ಅಂತ ಲಕ್ಷ್ಮಣನೂ ಅಂದ.

ಆಗ ಅಗುಳಿ ಸರಿಯಿತು. ಸುಬ್ಬಮ್ಮ ದೀಪ ಎತ್ತಿ ಇಬ್ಬರ ಮುಖಕ್ಕೂ ಹಿಡಿದು ನೋಡಿದಳು. ಕಾಲು ತೊಳೆಯಲು ನೀರು ಕೊಟ್ಟಳು. ಆಮೇಲೆ ಕೋಪದಲ್ಲೇ ಕೇಳಿದಳು.

"ನಿಮ್ಮಾಗೆ ಯಾರ್ಲಾ ಒಬ್ನೇ ಬಂದು ಬಂದು ಬಾಗ್ಲು ತಟ್ಟುತಿದ್ದೋನು?"

ಕಾಳಾಚಾರಿ ಕಾಲು ತೊಳೆಯುತ್ತಿದ್ದ ಚೊಂಬನ್ನು ಕೆಳಗಿಟ್ಟ.

"ಐದು ರಾತ್ರಿ. ಬೆಳಗಾನ ಜಾವ. ಒಂದೇ ಎಜ್ಜೆ ಸಪ್ಪಳ. ಮೂರು ಸಲ ತಟ್ಟೋದು, ನಿಲ್ಲೋದು. ಒಬ್ನೇ ಬಂದವ್ನೆ ಅಂತ ಗೊತ್ತಾಯ್ತು, ಆಣೆ ಮಾಡಿದ್ನಲ್ಲ, ಅತ್ಕೊಂಡು ಮಲಗಿದ್ದೆ, ತೆಗೀನಿಲ್ಲ. ಬೆಳಿಗ್ಗೆ ನೋಡಿದ್ರೆ ಒಸ್ಲಾಚೆ ಇದು ಒಂದೊಂದು."

ದೀಪದ ಗೂಡಿನಿಂದ ತೆಗೆದು ಕೊಟ್ಟಳು. ಬೆಣೆಗಳು. ಕಾಳಾಚಾರಿ ತಾನೇ ಕೆತ್ತಿದ ಗೇಣುದ್ದದ ಬೆಣೆಗಳು. ಅದರಲ್ಲಿ ಒಂದಕ್ಕೆ ಎರಡೂ ತುದಿಗೆ ಎಣ್ಣೆಮಸಿ. ದೇವಲಾಪುರದ ಕಡೆಯ ಆ ಕೊಪ್ಪಲಿಗೂ ಕಿರಂಗೂರಿಗೂ ಒಂದು ಹಗಲಿನ ನಡಿಗೆ.

ಎಣಿಸಿದ. ಕಳೆದದ್ದು ಐದು. ಕೈಯಲ್ಲಿದ್ದದ್ದು ಆರು.

"ಅದೊಂದು ನೆನ್ನೆ ರಾತ್ರೀದು," ಅಂದಳು ಸುಬ್ಬಮ್ಮ. "ನೆನ್ನೆ ಯಾರೂ ತಟ್ನಿಲ್ಲ."

ಆರನೆಯದು ಕಾಳಾಚಾರಿ ಕೆತ್ತಿದ್ದಲ್ಲ, ಲಕ್ಷ್ಮಣ ಕೆತ್ತಿದ್ದೂ ಅಲ್ಲ. ಅದರ ಅಂಚು ಎಡಗೈಯಲ್ಲಿ ಹೆರೆದದ್ದು. ಅರ್ಧ ಸುಟ್ಟು ಇದ್ದಿಲಾಗಿತ್ತು.

ಆಮೇಲೆ ಅವರು ಅವ್ವನಿಗೆ ಏನು ಹೇಳಿದರು, ಅವಳು ಏನು ಮಾಡಿದಳು, ಅದು ಆ ಮನೆಯ ಮಾತು. ಬೇಡ. ಆದರೆ ಆ ಆರು ಬೆಣೆ ಇವತ್ತಿಗೂ ಅವರ ದೀಪದ ಗೂಡಿನಲ್ಲಿವೆ. ನಂಬದವರು ನಾಳೆ ಬೆಳಿಗ್ಗೆ ಕಿರಂಗೂರಿಗೆ ಬನ್ನಿ, ಕೈಗೆ ಕೊಟ್ಟು ತೋರಿಸುತ್ತಾರೆ. ಸುಬ್ಬಮ್ಮನನ್ನೇ ಕೇಳಿ. ಮೊದಲಿನ ಐದು ಬೆಣೆಯೂ ಹೊಸ್ತಿಲಿನ ಹೊರಗೆ ಬಿದ್ದಿದ್ದವು. ಸುಟ್ಟದ್ದು ಒಳಗೆ ಬಿದ್ದಿತ್ತು, ಅವಳ ಚಾಪೆಯ ಪಕ್ಕಕ್ಕೆ. ಅಗುಳಿ ಹಾಕಿದ್ದು ಹಾಕಿದ ಹಾಗೇ ಇತ್ತು.